ಮಾವು, ಗೇರು, ಹಲಸು: ಕಂಪ್ಯೂಟರಿಗೆ ಎಲೆ ಗುರುತಿಸಲು ಕಲಿಸುವ ಬಗೆ

ಉಡುಪಿ, ಮಂಗಳೂರು ಕಡೆಯ ಹಿತ್ತಲುಗಳಲ್ಲಿ ಮಾವು, ಗೇರು, ಹಲಸು ಹುಡುಕಲು ಕಷ್ಟಪಡಬೇಕಾಗಿಲ್ಲ. ಎರಡನೇ ಕ್ಲಾಸಿನ ಮಗು ಕೂಡ ಎಲೆ ನೋಡಿ ಮರದ ಹೆಸರು ಹೇಳುತ್ತದೆ. ಆದರೆ "ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳಿ ನೋಡಿ. ಮಗುವಿಗಿರಲಿ, ದೊಡ್ಡವರಿಗೂ ಉತ್ತರ ಸರಿಯಾಗಿ ಬರುವುದಿಲ್ಲ. ಬಾಯಲ್ಲಿ ಹೇಳಲು ಬಾರದ ಈ ತಿಳಿವಳಿಕೆಯನ್ನು ಕಂಪ್ಯೂಟರಿಗೆ ಕಲಿಸುವುದು ಹೇಗೆ? ಅದನ್ನು ಇಲ್ಲಿ ಕೈಯಾರೆ ಮಾಡಿ ನೋಡೋಣ.

ಹೈಸ್ಕೂಲು ಮಕ್ಕಳು, ಅವರ ಟೀಚರುಗಳು, ಮನೆಯಲ್ಲಿ ಮಕ್ಕಳ ಜೊತೆ ಏನಾದರೂ ಮಾಡಬೇಕು ಎಂದುಕೊಂಡಿರುವ ತಂದೆತಾಯಿ, ಎಲ್ಲರೂ ಇದನ್ನು ಮಾಡಬಹುದು. ಬೇಕಾದ್ದು ಇಷ್ಟೇ: 60 ಎಲೆ, ಒಂದು ಸ್ಕೇಲು, ಗ್ರಾಫ್ ಹಾಳೆ, ಮೂರು ಬಣ್ಣದ ಪೆನ್ನು, ಮೂರು ಹುಣಸೆಬೀಜ, ಸ್ವಲ್ಪ ನೂಲು. ಲ್ಯಾಪ್‌ಟಾಪು ಕೊನೆಗೆ ಬರುತ್ತದೆ. ಮೊದಲೇ ಅದನ್ನು ತೆರೆದರೆ ಬಟನ್ ಒತ್ತುವುದೇ ಕೆಲಸವಾಗುತ್ತದೆ, ಒಳಗೆ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ. ಕಾಗದದ ಮೇಲೆ ಮಾಡಿದರೆ ಪ್ರತಿಯೊಂದೂ ಕಣ್ಣಿಗೆ ಕಾಣುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರ್ ಏನು ಕಲಿಯುತ್ತದೆ ಎನ್ನುವುದು ಅದರೊಳಗಿನ ಗಣಿತಕ್ಕಿಂತ ಜಾಸ್ತಿ ನಿಮ್ಮ ಕೈಯಲ್ಲಿದೆ. ನೀವು ಯಾವ ಎಲೆ ಆರಿಸಿ ಕೊಟ್ಟಿರಿ, ಅದರಲ್ಲಿ ಏನನ್ನು ಅಳೆದಿರಿ, ಇವೆರಡೇ ಮುಖ್ಯ. ಮುಂದಿನ ಹಂತಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿ.

ಹಂತ 1: ಮೊದಲು ಮಾತಿನಲ್ಲಿ ಹೇಳಲು ನೋಡಿ

ಒಂದು ಹಾಳೆಯಲ್ಲಿ "ಮಾವಿನ ಎಲೆ ಎಂದರೆ..." ಎಂದು ಶುರುಮಾಡಿ. ಕಣ್ಣಿಗೆ ಕಾಣುವ ಗುಣಗಳನ್ನು ಮಾತ್ರ ಬರೆಯಿರಿ. ಉದ್ದವಾಗಿದೆ, ತುದಿ ಚೂಪು, ಬಣ್ಣ ಕಡುಹಸಿರು. ಈಗ ಪಕ್ಕದವರಿಗೆ ಒಂದು ಕೆಲಸ ಕೊಡಿ: ಈ ಮಾತನ್ನು ಸುಳ್ಳು ಮಾಡುವ ಮಾವಿನ ಎಲೆಯನ್ನೇ ಹುಡುಕಿ ತರಬೇಕು. ಅವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಚಿಗುರೆಲೆ ತಾಮ್ರದ ಬಣ್ಣಕ್ಕಿರುತ್ತದೆ. ಹಣ್ಣೆಲೆ ಹಳದಿ. ಹುಳ ತಿಂದ ಎಲೆಗೆ ತುದಿಯೇ ಇಲ್ಲ. ಉದ್ದ ಎಂದರೆ ಎಷ್ಟು ಉದ್ದ? ಒಂದೊಂದು ತಕರಾರಿಗೂ ನಿಯಮಕ್ಕೆ ತೇಪೆ ಹಾಕುತ್ತಾ ಹೋದರೆ ಹಾಳೆ ತುಂಬುತ್ತದೆ, ತಕರಾರು ಮುಗಿಯುವುದಿಲ್ಲ.

ಎಲ್ಲವೂ ಹೀಗಲ್ಲ. ಕೆಲವು ಗುಂಪುಗಳನ್ನು ನಿಯಮದಲ್ಲೇ ಹೇಳಿ ಮುಗಿಸಬಹುದು. ನಮ್ಮ ಗೇರುಬೀಜದ ಕಾರ್ಖಾನೆಗಳನ್ನೇ ನೋಡಿ. ಡಬ್ಲ್ಯೂ 320 ಎಂಬ ದರ್ಜೆಯಲ್ಲಿ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು ಬರಬೇಕು. ಡಬ್ಲ್ಯೂ 180 ಇನ್ನೂ ದಪ್ಪ, ಪೌಂಡಿಗೆ 180ರ ಒಳಗೆ. ಇದು ಲೆಕ್ಕ. ತಕ್ಕಡಿ ಇದ್ದರೆ ಯಾರು ಬೇಕಾದರೂ ಮಾಡಬಹುದು. ಆದರೆ ತಿರುಳು ಬಿಳಿಯೇ, ಸ್ವಲ್ಪ ಸುಟ್ಟ ಬಣ್ಣಕ್ಕೆ ತಿರುಗಿದೆಯೇ ಎಂದು ಬೇರ್ಪಡಿಸುವ ಕೆಲಸಕ್ಕೆ ಪಳಗಿದ ಕಣ್ಣು ಬೇಕು. ಎಷ್ಟು ಸುಟ್ಟರೆ ಸುಟ್ಟದ್ದು ಎಂದು ಬರೆದು ಕೊಡುವುದು ಕಷ್ಟ. ಮೇಜಿನ ಮುಂದೆ ಕೂತು ವಿಂಗಡಿಸುವ ಹೆಂಗಸರು ಅದನ್ನು ಸಾವಿರಾರು ಬೀಜ ನೋಡಿಯೇ ಕಲಿತಿರುತ್ತಾರೆ. ಕ್ಯಾಮೆರಾ ಇಟ್ಟು ಬಣ್ಣ ನೋಡಿ ಬೇರ್ಪಡಿಸುವ ಯಂತ್ರಗಳು ಈಗ ಇವೆ. ಅವಕ್ಕೂ ಒಳ್ಳೆಯ ಬೀಜ ಯಾವುದು, ಕೆಟ್ಟದ್ದು ಯಾವುದು ಎಂದು ಮಾದರಿ ತೋರಿಸಿ ಹೊಂದಿಸಬೇಕು.

ಎಲೆಯೂ ಈ ಎರಡನೇ ಬಗೆಗೆ ಸೇರಿದ್ದು. ಆದ್ದರಿಂದ ನಿಯಮ ಬರೆದ ಹಾಳೆಯನ್ನು ಬದಿಗಿಟ್ಟು ಮಾದರಿ ಸೇರಿಸಲು ಹೊರಡಿ.

ಹಂತ 2: ಎಲೆ ಆರಿಸಿ

ಒಂದೊಂದು ಜಾತಿಯದು 20, ಒಟ್ಟು 60 ಎಲೆ. ಎಲ್ಲವನ್ನೂ ಒಂದೇ ಮರದಿಂದ ಕೀಳಬೇಡಿ. ಒಂದೇ ಮರದ 20 ಎಲೆ ಕೊಟ್ಟರೆ ಕಂಪ್ಯೂಟರ್ ಆ ಮರವನ್ನು ಕಲಿಯುತ್ತದೆ, ಜಾತಿಯನ್ನು ಕಲಿಯುವುದಿಲ್ಲ. ನಾಲ್ಕೈದು ಮರಗಳಿಂದ ತನ್ನಿ. ನೆರಳಲ್ಲಿದ್ದ ಎಲೆ, ಬಿಸಿಲಿಗೆ ಒಡ್ಡಿದ ಎಲೆ, ಎಳೆಯದು, ಬಲಿತದ್ದು, ಸ್ವಲ್ಪ ಹುಳ ತಿಂದದ್ದು, ಎಲ್ಲವೂ ಇರಲಿ. ಆಲ್ಬಮ್ಮಿಗೆ ಅಂಟಿಸುವಂಥ ಚಂದದ ಎಲೆಗಳನ್ನೇ ಆರಿಸುವ ಆಸೆ ಮಕ್ಕಳಿಗೆ ಇರುತ್ತದೆ. ಅದನ್ನು ತಡೆಯಿರಿ. ನಾಳೆ ಯಾರೋ ತೋರಿಸುವ ಎಲೆ ಚಂದ ಇರಲೇಬೇಕು ಅಂತೇನಿಲ್ಲ ಅಲ್ವಾ?

ಕಾಲವನ್ನೂ ನೋಡಿಕೊಳ್ಳಿ. ಮಳೆಗಾಲ ಮುಗಿದ ಮೇಲೆ ಗೇರು ಚಿಗುರುತ್ತದೆ. ಆಗ ತಂದ ಎಲೆಗೂ ಏಪ್ರಿಲಿನಲ್ಲಿ ತಂದ ಎಲೆಗೂ ಬಣ್ಣ, ದಪ್ಪ ಎರಡರಲ್ಲೂ ವ್ಯತ್ಯಾಸ ಇರುತ್ತದೆ. ಒಂದೇ ಕಾಲದಲ್ಲಿ ಸಂಗ್ರಹಿಸಿದ್ದಾದರೆ ನಿಮ್ಮ ಯಂತ್ರ ಆ ಕಾಲಕ್ಕೆ ಮಾತ್ರ ಜಾಣ.

ಹೆಸರು ಖಚಿತವಿಲ್ಲದ ಎಲೆಯನ್ನು ರಾಶಿಗೆ ಸೇರಿಸಬೇಡಿ. ತಪ್ಪು ಹೆಸರು ಬರೆದ ಒಂದು ಎಲೆ ಎಲ್ಲ ಲೆಕ್ಕವನ್ನೂ ಎಳೆದಾಡುತ್ತದೆ. ಸಂಶಯ ಬಂದರೆ ತೋಟ ಮಾಡುವವರನ್ನು ಕೇಳಿ. ಮಂಗಳೂರಿನವರು ಪಿಲಿಕುಳ ನಿಸರ್ಗಧಾಮಕ್ಕೆ ಹೋಗಬಹುದು. ಅಲ್ಲಿ ಪಶ್ಚಿಮಘಟ್ಟದ ಮರಗಳನ್ನೇ ಬೆಳೆಸಿದ ಸಸ್ಯವನ ಇದೆ. ಎಲೆ ಕೀಳಬೇಡಿ, ನೋಡಿ ಹೋಲಿಸಿಕೊಳ್ಳಿ.

ಇನ್ನು ಅತಿ ಮುಖ್ಯವಾದ ಕೆಲಸ. ಅಳೆಯಲು ಶುರುಮಾಡುವ ಮೊದಲೇ ಪ್ರತಿ ಜಾತಿಯಿಂದ 5 ಎಲೆ ತೆಗೆದು ಬೇರೆ ಲಕೋಟೆಗೆ ಹಾಕಿ ಅಂಟಿಸಿಬಿಡಿ. ಸಾಧ್ಯವಾದರೆ ಇವು ಉಳಿದವು ಬಂದ ಮರಗಳದ್ದಾಗಿರಬಾರದು. ಈ 15 ಎಲೆ ಪರೀಕ್ಷೆಗೆ. ಕಲಿಸಿದ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟರೆ ಮಗು ಬಾಯಿಪಾಠ ಒಪ್ಪಿಸುತ್ತದೆ, ಯಂತ್ರವೂ ಅದನ್ನೇ ಮಾಡುತ್ತದೆ. ಎಲೆ ಬಾಡುವ ಚಿಂತೆ ಇದ್ದರೆ ಹಳೆಯ ಪೇಪರಿನ ನಡುವೆ ಇಟ್ಟು ಮೇಲೆ ಪುಸ್ತಕ ಹೇರಿ. ಬಣ್ಣ ಸ್ವಲ್ಪ ಬದಲಾಗುತ್ತದೆ, ಆಕಾರ ಉಳಿಯುತ್ತದೆ.

ಹಂತ 3: ಎಲೆಯನ್ನು ಅಂಕಿಯಾಗಿಸಿ

ಕಂಪ್ಯೂಟರಿಗೆ ಎಲೆ ಕಾಣುವುದಿಲ್ಲ, ಅಂಕಿ ಕಾಣುತ್ತದೆ. ಹಾಗಾಗಿ ಉಳಿದ 45 ಎಲೆಗಳಲ್ಲಿ ಮೂರು ಅಳತೆ ತೆಗೆದುಕೊಳ್ಳಿ. ತೊಟ್ಟು ಬಿಟ್ಟು ಎಲೆಯ ಉದ್ದ ಮೊದಲನೆಯದು. ಅತಿ ಅಗಲವಾದ ಜಾಗದಲ್ಲಿ ಅಗಲ ಎಷ್ಟು ಎಂಬುದು ಎರಡನೆಯದು. ಮೂರನೆಯದು, ಎಲೆಯ ಬುಡದಿಂದ ಆ ಅಗಲವಾದ ಜಾಗಕ್ಕೆ ಎಷ್ಟು ದೂರ ಎಂಬುದು. ಎಲೆಯ ಹಿಂಬದಿಯಲ್ಲಿ ನಂಬರ್ ಬರೆದು, ಅದೇ ನಂಬರಿನಲ್ಲಿ ಪಟ್ಟಿ ಮಾಡಿ.

ಸುಮ್ನೆ ಉದ್ದವನ್ನೇ ಹೋಲಿಸಿದರೆ ಏನಾಗುತ್ತದೆ? ಎಳೆಯ ಮಾವಿನ ಎಲೆಯೂ ದೊಡ್ಡ ಗೇರು ಎಲೆಯೂ ಒಂದೇ ಉದ್ದ ಇರಬಹುದು. ನಮಗೆ ಬೇಕಾದ್ದು ಆಕಾರ. ಆದ್ದರಿಂದ ಎರಡು ಭಾಗಾಕಾರ ಮಾಡಿ. ಉದ್ದವನ್ನು ಅಗಲದಿಂದ ಭಾಗಿಸಿದರೆ ಬರುವ ಅಂಕಿಯನ್ನು ನೀಳತೆ ಎನ್ನೋಣ. ಮೂರನೇ ಅಳತೆಯನ್ನು ಉದ್ದದಿಂದ ಭಾಗಿಸಿದರೆ ಬರುವುದನ್ನು ಹೊಟ್ಟೆ ಎನ್ನೋಣ. ಎಲೆಯ ಹೊಟ್ಟೆ ಎಲ್ಲಿದೆ ಎಂದು ಅದು ತೋರಿಸುತ್ತದೆ. 0.5 ಬಂದರೆ ನಟ್ಟನಡುವೆ, ಅದಕ್ಕಿಂತ ಜಾಸ್ತಿ ಬಂದರೆ ತುದಿಯ ಕಡೆಗೆ. ಗೇರು ಎಲೆಯ ತುದಿ ಉರುಟು, ಹೊಟ್ಟೆ ತುದಿಯ ಕಡೆಗೇ ಇರುತ್ತದೆ. ಮಾವಿನದು ಹೆಚ್ಚಾಗಿ ನಡುವೆ. ಹಲಸಿನದು ಎರಡೂ ಬಗೆಯಲ್ಲಿ ಸಿಗುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಎಲೆಯ ಕೊಟ್ಟೆಯಲ್ಲಿ (ದೊನ್ನೆಯಲ್ಲಿ) ಬೇಯಿಸುವ ಕೊಟ್ಟೆ ಕಡುಬಿಗೆ ಹಲಸಿನ ಎಲೆ ಆರಿಸುವ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ. ಅವರು ಎಲೆಯ ದಪ್ಪವನ್ನು ಬೆರಳಿನಲ್ಲೇ ತಿಳಿಯುತ್ತಾರೆ. ತೊಟ್ಟು ಮುರಿದರೆ ಬಿಳಿ ಮೇಣ ಒಸರುತ್ತದೆ, ಅದೊಂದೇ ಸಾಕು ಗೇರಿನಿಂದ ಹಲಸನ್ನು ಬೇರೆ ಮಾಡಲು. ಮಾವಿನ ಎಲೆ ಹಿಸುಕಿದರೆ ಮಾವಿನ ವಾಸನೆ. ಇದ್ಯಾವುದೂ ನಮ್ಮ ಪಟ್ಟಿಯಲ್ಲಿಲ್ಲ. ನಮ್ಮ ಪಟ್ಟಿಗೆ ಬಾರದ್ದು ಯಂತ್ರದ ಪಾಲಿಗೆ ಈ ಲೋಕದಲ್ಲೇ ಇಲ್ಲ. ಯಾವುದನ್ನು ಅಳೆಯಬೇಕು ಎಂದು ತೀರ್ಮಾನಿಸುವಾಗಲೇ ಅರ್ಧ ಕಲಿಕೆ ಮುಗಿದಿರುತ್ತದೆ. ಅಳತೆ ಪಟ್ಟಿ ಮಾಡುವ ಕೆಲಸವನ್ನು ಬೇಸರದ ಕೆಲಸ ಎಂದುಕೊಂಡು ಓಡಿಸಬೇಡಿ. ಇಡೀ ಪ್ರಯೋಗದಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಎನಿಸುವುದು ಇದೇ.

ಹಂತ 4: ಗ್ರಾಫಿನಲ್ಲಿ ಚುಕ್ಕೆ ಇಡಿ

ಅಡ್ಡಗೆರೆಯಲ್ಲಿ ನೀಳತೆ, 1ರಿಂದ 6ರವರೆಗೆ. ನೆಟ್ಟಗೆರೆಯಲ್ಲಿ ಹೊಟ್ಟೆ, 0ಯಿಂದ 1ರವರೆಗೆ. ಎರಡೂ ಗೆರೆ 10 ಸೆಂಟಿಮೀಟರ್ ಉದ್ದ ಇರಲಿ. ಅಂದರೆ ಅಡ್ಡಗೆರೆಯಲ್ಲಿ 1ಕ್ಕೆ 2 ಸೆಂ.ಮೀ., ನೆಟ್ಟಗೆರೆಯಲ್ಲಿ 0.1ಕ್ಕೆ 1 ಸೆಂ.ಮೀ. ಎರಡಕ್ಕೂ ಒಂದೇ ಅಳತೆ ಹಿಡಿದರೆ ಹೊಟ್ಟೆಯ ವ್ಯತ್ಯಾಸವೆಲ್ಲ 2 ಸೆಂಟಿಮೀಟರಿನೊಳಗೆ ಮುದುಡಿಹೋಗುತ್ತದೆ, ನೀಳತೆ ಒಂದೇ ದರ್ಬಾರು ನಡೆಸುತ್ತದೆ. ನಿಜವಾದ ಪ್ರೋಗ್ರಾಂ ಬರೆಯುವವರೂ ಅಳತೆಗಳನ್ನು ಹೀಗೆ ಸರಿದೂಗಿಸಿಕೊಂಡೇ ಮುಂದೆ ಹೋಗುತ್ತಾರೆ.

ಒಂದೊಂದು ಜಾತಿಗೆ ಒಂದೊಂದು ಬಣ್ಣದಲ್ಲಿ 45 ಚುಕ್ಕೆ ಇಡಿ. ಮಾವಿನ ಚುಕ್ಕೆಗಳು ಬಲಗಡೆ ಬೇರೆಯಾಗಿ ನಿಲ್ಲುತ್ತವೆ. ಗೇರು, ಹಲಸು ಎಡಗಡೆ ಒಂದರ ಮೇಲೊಂದು ಸೇರಿಕೊಳ್ಳುತ್ತವೆ.

ಈ ಚಿತ್ರ ವಿಜ್ಞಾನದ ಚರಿತ್ರೆಯಲ್ಲಿ ಹಳೆಯದು. 1936ರಲ್ಲಿ ರೊನಾಲ್ಡ್ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞರು ಐರಿಸ್ ಹೂವಿನ ಅಳತೆಗಳನ್ನು ಇಟ್ಟುಕೊಂಡು ಒಂದು ಲೇಖನ ಬರೆದರು. ಮೂರು ಜಾತಿ, ಒಂದೊಂದರಿಂದ 50, ಒಟ್ಟು 150 ಹೂ. ಪ್ರತಿ ಹೂವಿಗೆ ನಾಲ್ಕು ಅಳತೆ. ಆ ಅಳತೆಗಳನ್ನು ತೆಗೆದವರು ಎಡ್ಗರ್ ಆಂಡರ್ಸನ್ ಎಂಬ ಸಸ್ಯಶಾಸ್ತ್ರಜ್ಞರು. ಅಲ್ಲೂ ಒಂದು ಜಾತಿ ಸ್ಪಷ್ಟವಾಗಿ ಬೇರೆಯಾಗುತ್ತದೆ, ಉಳಿದೆರಡು ಅಂಚಿನಲ್ಲಿ ಬೆರೆಯುತ್ತವೆ. ಇಂದಿಗೂ ಯಂತ್ರ ಕಲಿಕೆಯ (ಮಷೀನ್ ಲರ್ನಿಂಗ್) ಪಾಠ ಹೆಚ್ಚಿನ ಕಡೆ ಆ 150 ಹೂಗಳಿಂದಲೇ ಶುರುವಾಗುತ್ತದೆ. ನಿಮ್ಮ ಹಿತ್ತಲಿನ 45 ಎಲೆಗಳೂ ಅದೇ ಪಾಠ ಹೇಳುತ್ತವೆ, ಜೊತೆಗೆ ಅವನ್ನು ಅಳೆದವರು ನೀವೇ.

ಹಂತ 5: ಹತ್ತಿರದ ಮೂವರನ್ನು ಕೇಳಿ

ಹೊಸ ಎಲೆಯೊಂದನ್ನು ತನ್ನಿ. ಲಕೋಟೆಯದ್ದು ಬೇಡ, ಬೇರೆಯದು. ಅಳೆದು ಪೆನ್ಸಿಲಿನಲ್ಲಿ ಚುಕ್ಕೆ ಇಡಿ. ಸ್ಕೇಲು ಹಿಡಿದು ಅದಕ್ಕೆ ಅತಿ ಹತ್ತಿರದ ಮೂರು ಚುಕ್ಕೆ ಯಾವುವು ಎಂದು ನೋಡಿ. ಮೂರರಲ್ಲಿ ಎರಡು ಗೇರು ಆಗಿದ್ದರೆ ಹೊಸ ಎಲೆಯೂ ಗೇರು. ಮುಗಿಯಿತು. ಇದೇ ಒಂದು ಪೂರ್ತಿ ಕಲಿಕೆಯ ವಿಧಾನ. 1967ರಲ್ಲಿ ಕವರ್ ಮತ್ತು ಹಾರ್ಟ್ ಎಂಬಿಬ್ಬರು ಇದು ಎಷ್ಟರ ಮಟ್ಟಿಗೆ ನಂಬಲು ಯೋಗ್ಯ ಎಂದು ಗಣಿತದಲ್ಲಿ ತೋರಿಸಿದರು. ಇಂದಿಗೂ ಬಳಕೆಯಲ್ಲಿದೆ.

ಒಂದೇ ಚುಕ್ಕೆಯನ್ನು ಏಕೆ ಕೇಳಬಾರದು? ಹುಳ ತಿಂದು ಗಿಡ್ಡವಾದ ಒಂದು ಮಾವಿನ ಎಲೆ ಗೇರಿನ ಗುಂಪಿನ ನಡುವೆ ಬಿದ್ದಿರಬಹುದು. ಅದರ ಪಕ್ಕ ಬಿದ್ದ ಪಾಪದ ಗೇರು ಎಲೆಗೆಲ್ಲ ಮಾವು ಎಂಬ ಹೆಸರು ಬರುತ್ತದೆ. ಮೂವರನ್ನು ಕೇಳಿದರೆ ಆ ಒಬ್ಬನ ಮಾತು ಬಿದ್ದುಹೋಗುತ್ತದೆ. ಹಾಗೆಂದು 45 ಮಂದಿಯನ್ನೂ ಕೇಳಿದರೆ ಯಾವ ಎಲೆ ಇಟ್ಟರೂ ಮೂರು ಜಾತಿಗೂ 15ರಂತೆ ಸಮ ಬಂದು ಉತ್ತರವೇ ಸಿಗುವುದಿಲ್ಲ. 3, 5, 7 ಹೀಗೆ ಬದಲಿಸಿ ನೋಡಿ.

ಈಗ ತೇಗದ ಎಲೆಯೊಂದನ್ನು ಅಳೆದು ಇಡಿ. ನಿಮ್ಮ ಗ್ರಾಫ್ ಅದನ್ನು ಹಲಸು ಎಂದೋ ಗೇರು ಎಂದೋ ಹೇಳಿಯೇ ಹೇಳುತ್ತದೆ. ಅದಕ್ಕೆ ಗೊತ್ತಿರುವುದು ಮೂರೇ ಹೆಸರು. ಆಕಾರವನ್ನಷ್ಟೇ ಇಟ್ಟುಕೊಂಡು ಗಾತ್ರವನ್ನು ನಾವೇ ಭಾಗಿಸಿ ತೆಗೆದುಬಿಟ್ಟಿದ್ದೇವೆ, ಹಾಗಾಗಿ ತೇಗದ ಎಲೆ ಎಷ್ಟು ದೊಡ್ಡದು ಎನ್ನುವುದೂ ಅದಕ್ಕೆ ತಿಳಿಯದು. ಉದ್ದವನ್ನೂ ಒಂದು ಅಳತೆಯಾಗಿ ಉಳಿಸಿಕೊಂಡು, "ಹತ್ತಿರದ ಚುಕ್ಕೆಯೂ ಇಷ್ಟು ದೂರ ಇದ್ದರೆ ಗೊತ್ತಿಲ್ಲ ಎನ್ನು" ಎಂಬ ಒಂದು ಮಿತಿ ಸೇರಿಸಿ. ಗೊತ್ತಿಲ್ಲ ಎನ್ನಲು ಯಂತ್ರಕ್ಕೆ ತಾನಾಗಿ ಬರುವುದಿಲ್ಲ. ನಾವು ಕಲಿಸಬೇಕು.

ಹಂತ 6: ತಪ್ಪಿನಿಂದ ಗೆರೆ ಜರುಗಿಸಿ

ಹತ್ತಿರದ ಚುಕ್ಕೆ ಹುಡುಕುವ ವಿಧಾನಕ್ಕೆ ಎಲ್ಲ ಎಲೆಗಳ ಪಟ್ಟಿ ಯಾವಾಗಲೂ ಕೈಯಲ್ಲಿರಬೇಕು. ಅದರ ಬದಲು ನಡುವೆ ಒಂದು ಗೆರೆ ಎಳೆದು, ಈ ಬದಿ ಮಾವು, ಆ ಬದಿ ಬೇರೆ ಎಂದು ಹೇಳಬಹುದು. ಗೆರೆ ಎಲ್ಲಿ ಎಳೆಯಬೇಕು ಎಂದು ನಾವು ಹೇಳುವುದಿಲ್ಲ. ಅದನ್ನು ತಪ್ಪುಗಳೇ ಹೇಳುತ್ತವೆ.

ನೀಳತೆಯೊಂದನ್ನೇ ಇಟ್ಟುಕೊಂಡು ಮಾಡಿ ನೋಡಿ. ಲೆಕ್ಕ ತಿಳಿಯಲೆಂದು ಕೆಲವು ಅಂಕಿ ಹಾಕುತ್ತೇನೆ. ಗೆರೆ 1.5ರಲ್ಲಿ ಇದೆ ಎಂದುಕೊಳ್ಳಿ. ಅದಕ್ಕಿಂತ ಜಾಸ್ತಿ ಇದ್ದರೆ ಮಾವು. ತಪ್ಪಾದಾಗಲೆಲ್ಲ ಗೆರೆಯನ್ನು 0.25 ಜರುಗಿಸಬೇಕು: ಬೇರೆ ಎಲೆಯನ್ನು ಮಾವು ಎಂದರೆ ಮೇಲಕ್ಕೆ, ಮಾವನ್ನು ಬೇರೆ ಎಂದರೆ ಕೆಳಕ್ಕೆ. ಮೊದಲ ಎಲೆ ಗೇರು, ನೀಳತೆ 1.9. ಗೆರೆಯ ಪ್ರಕಾರ ಮಾವು. ತಪ್ಪು, ಗೆರೆ 1.75ಕ್ಕೆ ಹೋಯಿತು. ಎರಡನೆಯದು ಹಲಸು, 2.1. ಮತ್ತೆ ತಪ್ಪು, ಗೆರೆ 2ಕ್ಕೆ. ಮೂರನೆಯದು ಗೇರು, 1.7. ಸರಿ, ಗೆರೆ ಅಲ್ಲೇ. ನಾಲ್ಕನೆಯದು ಹಲಸು, 2.2. ತಪ್ಪು, ಗೆರೆ 2.25ಕ್ಕೆ. ಐದನೆಯದು ಮಾವು, 3.8. ಸರಿ. ಹೀಗೆ 45 ಎಲೆ ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿ. ಯಾವುದೋ ಒಂದು ಸುತ್ತಿನಲ್ಲಿ ಗೆರೆ ಅಲುಗಾಡುವುದು ಕಡಿಮೆಯಾಗುತ್ತದೆ.

ಅಮೆರಿಕದ ಫ್ರಾಂಕ್ ರೋಸನ್‌ಬ್ಲಾಟ್ 1958ರಲ್ಲಿ ಪ್ರಕಟಿಸಿದ ಪರ್ಸೆಪ್ಟ್ರಾನ್ ಎಂಬ ಕಲಿಕೆಯ ವಿಧಾನ ಇದೇ ದಾರಿಯದು. ಅದು ಗೆರೆಯನ್ನು ಜರುಗಿಸುವುದರ ಜೊತೆಗೆ ಓರೆಯನ್ನೂ ಬದಲಿಸುತ್ತದೆ, ಎಷ್ಟು ಅಳತೆಗಳಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ವರ್ಷದ ಪ್ರದರ್ಶನದಲ್ಲಿ 50 ಬಾರಿ ನೋಡಿದ ಮೇಲೆ ಅದು ಎಡಗಡೆ ಗುರುತಿರುವ ಕಾರ್ಡನ್ನೂ ಬಲಗಡೆ ಗುರುತಿರುವ ಕಾರ್ಡನ್ನೂ ತಾನೇ ಬೇರ್ಪಡಿಸಿತು. ಮುಂದೆ ಇದಕ್ಕೆಂದೇ ಕಟ್ಟಿದ ಯಂತ್ರದ ಕಣ್ಣಿನಲ್ಲಿ 400 ಬೆಳಕು ಗ್ರಹಿಸುವ ಸೆಲ್‌ಗಳಿದ್ದವು. ಒಂದೇ ಗೆರೆಯಿಂದ ಬಿಡಿಸಲಾಗದ ಒಗಟುಗಳೂ ಇವೆ ಎಂದು 1969ರಲ್ಲಿ ಮಿನ್ಸ್ಕಿ ಮತ್ತು ಪೇಪರ್ಟ್ ತೋರಿಸಿದರು. ಗೆರೆಗಳ ಮೇಲೆ ಗೆರೆಗಳನ್ನು ಪದರ ಪದರವಾಗಿ ಜೋಡಿಸಿ, ಕೊನೆಯ ಪದರದ ತಪ್ಪನ್ನು ಹಿಂದಿನ ಪದರಗಳಿಗೆ ಹಂಚುವ ವಿಧಾನ 1986ರಲ್ಲಿ ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಅವರ ಲೇಖನದಿಂದ ಎಲ್ಲೆಡೆ ಹರಡಿತು. ಹೀಗೆ ಪದರಗಳಿಂದ ಕಟ್ಟಿದ ಇಂದಿನ ನರಜಾಲಗಳು (ನ್ಯೂರಲ್ ನೆಟ್‌ವರ್ಕ್) ತಪ್ಪು ತಿದ್ದಿಕೊಳ್ಳುವುದು ಈ ದಾರಿಯಲ್ಲೇ.

ಹಂತ 7: ಹೆಸರು ಅಳಿಸಿ ನೋಡಿ

ಇಲ್ಲಿಯವರೆಗೆ ಹೆಸರು ಕೊಟ್ಟವರು ನಾವು. ಹೆಸರೇ ಕೊಡದಿದ್ದರೆ ಯಂತ್ರ ತಾನಾಗಿ ಗುಂಪು ಮಾಡಬಲ್ಲದೇ? ಮಾಡಬಲ್ಲದು. ಅದನ್ನು ಹುಣಸೆಬೀಜದಲ್ಲಿ ನೋಡೋಣ.

ಇನ್ನೊಂದು ಗ್ರಾಫ್ ಹಾಳೆಯಲ್ಲಿ ಅದೇ 45 ಚುಕ್ಕೆಗಳನ್ನು ಒಂದೇ ಬಣ್ಣದಲ್ಲಿ ಇಡಿ. ಮೂರು ಹುಣಸೆಬೀಜಗಳನ್ನು ಎಲ್ಲಾದರೂ ಇಡಿ. ಪ್ರತಿ ಚುಕ್ಕೆಯೂ ತನಗೆ ಹತ್ತಿರದ ಬೀಜಕ್ಕೆ ಸೇರಿದ್ದು. ಈಗ ಪ್ರತಿ ಬೀಜವನ್ನೂ ತನ್ನ ಚುಕ್ಕೆಗಳ ನಡುವಿಗೆ ಜರುಗಿಸಿ. ಬೀಜ ಜರುಗಿತು ಎಂದರೆ ಕೆಲವು ಚುಕ್ಕೆಗಳಿಗೆ ಈಗ ಬೇರೆ ಬೀಜ ಹತ್ತಿರವಾಗಿರುತ್ತದೆ. ಮತ್ತೆ ಹಂಚಿ, ಮತ್ತೆ ಜರುಗಿಸಿ. ಬೀಜಗಳು ನಿಂತಲ್ಲಿ ನಿಂತಾಗ ಮೂರು ಗುಂಪು ಸಿದ್ಧ. ಇದಕ್ಕೆ ಕೆ-ಮೀನ್ಸ್ ಎಂದು ಹೆಸರು. ಬೀಜಗಳನ್ನು ಬೇರೆ ಜಾಗದಿಂದ ಶುರುಮಾಡಿದರೆ ಕೆಲವೊಮ್ಮೆ ಬೇರೆ ಗುಂಪುಗಳೇ ಬರುತ್ತವೆ. ಅದನ್ನೂ ಮಾಡಿ ನೋಡಿ.

ಸಿಕ್ಕ ಗುಂಪುಗಳನ್ನು ನಿಜವಾದ ಹೆಸರುಗಳ ಜೊತೆ ಹೋಲಿಸಿ. ಗೇರು, ಹಲಸು ಒಂದೇ ಗುಂಪಾಗಿ, ಮಾವು ಮಾತ್ರ ಎರಡಾಗಿ ಒಡೆದಿರಬಹುದು: ಅತಿ ನೀಳ ಎಲೆಗಳು ಒಂದು ಕಡೆ, ಸ್ವಲ್ಪ ಅಗಲದವು ಇನ್ನೊಂದು ಕಡೆ. ಮಕ್ಕಳು "ಇದು ತಪ್ಪು" ಎನ್ನುತ್ತಾರೆ. ತಪ್ಪು ಹೇಗಾಗುತ್ತದೆ? ಮರದ ಜಾತಿ ಬೇಕು ಎಂದು ನಾವು ಹೇಳಿಯೇ ಇರಲಿಲ್ಲ.

ಇನ್ನೊಂದು ಪ್ರಯೋಗ ಮಾಡಿ. ಆಕಾರ ಬಿಟ್ಟು ಉದ್ದ ಮತ್ತು ಬಣ್ಣದ ಗಾಢತೆ ಎರಡನ್ನೇ ತೆಗೆದುಕೊಳ್ಳಿ. ಗಾಢತೆಗೆ ಕಣ್ಣಂದಾಜಿನಲ್ಲಿ 1ರಿಂದ 5 ಅಂಕ ಕೊಟ್ಟರೆ ಸಾಕು. ಈಗ ಗುಂಪುಗಳು ಎಳೆಯದು, ಬಲಿತದ್ದು ಎಂದು ಬೀಳುವ ಸಾಧ್ಯತೆಯೇ ಹೆಚ್ಚು. ಮೂರೂ ಜಾತಿಯ ಚಿಗುರು ಒಂದು ಕಡೆ, ಮೂರೂ ಜಾತಿಯ ಬಲಿತ ಎಲೆ ಇನ್ನೊಂದು ಕಡೆ. ಇದೂ ಒಂದು ಪರಿಕಲ್ಪನೆಯೇ. ಸಸ್ಯಶಾಸ್ತ್ರದ ಟೀಚರಿಗೆ ಜಾತಿ ಬೇಕು. ಕೊಟ್ಟೆ ಕಟ್ಟುವವರಿಗೆ ಎಳೆಯದೋ ಬಲಿತದ್ದೋ ಎನ್ನುವುದೇ ಮುಖ್ಯ, ಎಳೆಯ ಎಲೆ ಮಡಚಿದರೆ ಹರಿಯುತ್ತದೆ. ಆಡು ಸಾಕಿದವರಿಗೆ ತಿನ್ನುವ ಎಲೆ, ತಿನ್ನದ ಎಲೆ ಎಂಬ ಎರಡೇ ಗುಂಪು ಸಾಕು. ಅದೇ 45 ಎಲೆ, ಮೂರು ಬಗೆಯ ವಿಂಗಡಣೆ, ಮೂರೂ ಸರಿ. ಯಾವ ಗುಂಪು ಬೇಕು ಎನ್ನುವುದು ನಮ್ಮ ಕೆಲಸದಿಂದ ಬರುತ್ತದೆ. ಯಂತ್ರಕ್ಕೆ ಕೆಲಸ ಗೊತ್ತಿಲ್ಲ, ಅಳತೆ ಮಾತ್ರ ಗೊತ್ತು. ಆದ್ದರಿಂದ ಕಂಪ್ಯೂಟರ್ ಪರಿಕಲ್ಪನೆ ಕಟ್ಟಿತು ಎಂದು ಯಾರಾದರೂ ಹೇಳಿದರೆ ಮೊದಲು ಅದಕ್ಕೆ ಕೊಟ್ಟ ಅಳತೆಗಳು ಯಾವುವು ಎಂದು ಕೇಳಿ.

ಹಂತ 8: ಸ್ವಲ್ಪದರಲ್ಲಿ ತಪ್ಪಿದ ಮಾದರಿ ತನ್ನಿ

ಹಲವು ಕಾಂಪೌಂಡುಗಳ ಬದಿಯಲ್ಲಿ ಕಂಬದಂತೆ ಎತ್ತರ ಬೆಳೆಯುವ ಅಶೋಕ ಇರುತ್ತದೆ. ಅದರ ಎಲೆ ನೀಳ, ತುದಿ ಚೂಪು. ಅಳೆದು ಗ್ರಾಫಿನಲ್ಲಿ ಇಟ್ಟರೆ ನೇರ ಮಾವಿನ ಗುಂಪಿಗೆ ಹೋಗಿ ಬೀಳುತ್ತದೆ. ಆದರೆ ಯಾರೂ ಅದನ್ನು ಮಾವಿನ ಎಲೆ ಎಂದು ತಿಳಿಯುವುದಿಲ್ಲ, ಏಕೆಂದರೆ ಅದರ ಅಂಚು ಅಲೆಅಲೆಯಾಗಿರುತ್ತದೆ. ಮಾವಿನ ಅಂಚೂ ಸ್ವಲ್ಪ ಏರಿಳಿಯುವುದುಂಟು, ಅಶೋಕದಷ್ಟಲ್ಲ.

ಈ ಒಂದು ಎಲೆ ನೂರು ಮಾವಿನ ಎಲೆಗಿಂತ ಹೆಚ್ಚು ಕಲಿಸುತ್ತದೆ. ನಮ್ಮ ಅಳತೆ ಪಟ್ಟಿಯಲ್ಲಿ ಅಂಚು ಇಲ್ಲ ಎಂದು ಅದೇ ತೋರಿಸಿಕೊಟ್ಟಿತು. ನೂಲು ತೆಗೆದುಕೊಂಡು ಎಲೆಯ ಒಂದು ಬದಿಯ ಅಂಚಿನ ಅಲೆಯ ಮೇಲೆಯೇ ಬುಡದಿಂದ ತುದಿಯವರೆಗೆ ಹಿಡಿಯಿರಿ. ಆ ನೂಲಿನ ಉದ್ದವನ್ನು ಎಲೆಯ ಉದ್ದದಿಂದ ಭಾಗಿಸಿ. ಅಲೆ ಜಾಸ್ತಿ ಇದ್ದಷ್ಟೂ ಅಂಕಿ ದೊಡ್ಡದು. ಹೊಸ ಅಳತೆ ಸಿಕ್ಕಿತು, ಅಶೋಕ ಮಾವಿನಿಂದ ದೂರ ಸರಿಯಿತು.

ಪ್ಯಾಟ್ರಿಕ್ ವಿನ್‌ಸ್ಟನ್ 1970ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬರೆದ ಸಂಶೋಧನಾ ಪ್ರಬಂಧದ ತಿರುಳು ಇದೇ. ಅವರ ಪ್ರೋಗ್ರಾಂ ಆಟದ ಬ್ಲಾಕುಗಳಿಂದ ಕಟ್ಟಿದ ಕಮಾನನ್ನು ಕಲಿಯಿತು. ಎರಡು ಕಂಬ, ಮೇಲೊಂದು ಅಡ್ಡಪಟ್ಟಿ ಇದ್ದರೆ ಕಮಾನು. ಆಮೇಲೆ ಎಲ್ಲವೂ ಹಾಗೇ ಇದ್ದು ಎರಡು ಕಂಬ ಒಂದಕ್ಕೊಂದು ತಾಗಿದ ಚಿತ್ರ ತೋರಿಸಿ "ಇದು ಕಮಾನು ಅಲ್ಲ" ಎಂದರು. ಒಂದೇ ವ್ಯತ್ಯಾಸ ಇದ್ದುದರಿಂದ ಪ್ರೋಗ್ರಾಮಿಗೆ ವಿಷಯ ಹೊಳೆಯಿತು: ಕಂಬಗಳ ನಡುವೆ ಸಂದು ಇರಲೇಬೇಕು. ಕಮಾನಿಗೆ ಬದಲು ಕುದುರೆಯ ಚಿತ್ರ ತೋರಿಸಿ ಅಲ್ಲ ಎಂದಿದ್ದರೆ ಅದು ಏನನ್ನೂ ಕಲಿಯುತ್ತಿರಲಿಲ್ಲ. ಮಕ್ಕಳಿಗೆ ಕಲಿಸುವವರೂ ಇದನ್ನು ಗಮನಿಸಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಹಲಸಿಗೂ ಇಂಥ ಅಂಚಿನ ಮಾದರಿಗಳಿವೆ. ಎಳೆಯ ಹಲಸಿನ ಗಿಡದಲ್ಲಿ ಕೆಲವೊಮ್ಮೆ ಸೀಳಿದ ಎಲೆಗಳು ಕಾಣುತ್ತವೆ. ಅವು ಹಲಸೇ, ಒಳಗೆ ಸೇರಿಸಿ. ಜೀಗುಜ್ಜೆ ಹಲಸಿನ ನೆಂಟ, ಅದರ ದೊಡ್ಡ ಸೀಳೆಲೆ ಹಲಸಲ್ಲ, ಹೊರಗಿಡಿ.

ಹಂತ 9: ಈಗ ಲ್ಯಾಪ್‌ಟಾಪು ತೆರೆಯಿರಿ

ಗೂಗಲ್‌ನ ಟೀಚಬಲ್ ಮಷೀನ್ ಬ್ರೌಸರಿನಲ್ಲೇ ನಡೆಯುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕೋಡ್ ಬರೆಯಬೇಕಾಗಿಲ್ಲ. ಇಮೇಜ್ ಪ್ರಾಜೆಕ್ಟ್ ಆರಿಸಿ, ಅದರಲ್ಲಿ ಸ್ಟ್ಯಾಂಡರ್ಡ್ ಮಾಡೆಲ್ ತೆಗೆದುಕೊಳ್ಳಿ. ಮಾವು, ಗೇರು, ಹಲಸು ಎಂದು ಮೂರು ಕ್ಲಾಸ್ ಮಾಡಿ. ನಾಲ್ಕನೆಯದಾಗಿ "ಬೇರೆ" ಎಂದು ಒಂದು ಇರಲಿ. ಅದಕ್ಕೆ ಅಶೋಕ, ಜೀಗುಜ್ಜೆ, ತೇಗ, ಖಾಲಿ ನೆಲ, ಬರಿಗೈ ಎಲ್ಲ ಹಾಕಿ. ಫೋಟೋ ಸೇರಿಸಿ, ಟ್ರೇನ್ ಮಾಡೆಲ್ ಒತ್ತಿ, ಕಾಯಿರಿ. ಆಗ ಬೇರೆ ಟ್ಯಾಬಿಗೆ ಹೋಗಬೇಡಿ.

ಇದು ಪ್ರತಿ ಫೋಟೋವನ್ನೂ 224 × 224 ಚುಕ್ಕೆಗಳ ಚಿತ್ರವಾಗಿ ನೋಡುತ್ತದೆ, ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. ಒಟ್ಟು 1,50,528 ಅಂಕಿ. ನಾವು ಎರಡು ಅಂಕಿ ಇಟ್ಟುಕೊಂಡಿದ್ದೆವು. ಯಾವುದನ್ನು ಅಳೆಯಬೇಕು ಎಂದು ಇಲ್ಲಿ ನಾವು ಹೇಳುವುದಿಲ್ಲ. ಬೇರೆ ಲಕ್ಷಾಂತರ ಚಿತ್ರಗಳನ್ನು ನೋಡಿ ಮೊದಲೇ ಕಲಿತ ಮೊಬೈಲ್‌ನೆಟ್ ಎಂಬ ನರಜಾಲ ಅಂಚು, ಗೆರೆ, ಮೇಲ್ಮೈಯ ಒರಟುತನ ಇತ್ಯಾದಿ ಅಳತೆಗಳನ್ನು ತಾನೇ ತೆಗೆಯುತ್ತದೆ. ನಿಮ್ಮ ಫೋಟೋಗಳಿಂದ ಕಲಿಯುವುದು ಕೊನೆಯ ಭಾಗ ಮಾತ್ರ. ಅದಕ್ಕೇ ಸ್ವಲ್ಪ ಫೋಟೋ ಇದ್ದರೂ ಕೆಲಸ ನಡೆಯುತ್ತದೆ.

ಇಲ್ಲಿ ಎರಡು ಅಪಾಯಗಳಿವೆ. ವೆಬ್‌ಕ್ಯಾಮ್ ಬಟನ್ ಒತ್ತಿ ಹಿಡಿದರೆ ಒಂದೇ ಎಲೆಯ ನೂರಾರು ಫೋಟೋ ಕ್ಷಣದಲ್ಲಿ ಬರುತ್ತವೆ. ಅವು ನೂರಾರು ಮಾದರಿ ಆಗುವುದಿಲ್ಲ, ಒಂದೇ ಎಲೆ. ಒಂದು ಎಲೆಗೆ ನಾಲ್ಕೈದು ಫೋಟೋ ಸಾಕು: ಮೇಲ್ಬದಿ, ಕೆಳಬದಿ, ಓರೆಯಾಗಿ, ಬೆಳಕಿಗೆ ಹಿಡಿದು. ಎಲ್ಲ ಜಾತಿಗೂ ಫೋಟೋ ಸಂಖ್ಯೆ ಹೆಚ್ಚುಕಡಿಮೆ ಸಮ ಇರಲಿ.

ಎರಡನೆಯ ಅಪಾಯ ಹಿನ್ನೆಲೆ. ಮಾವಿನ ಎಲೆಯನ್ನೆಲ್ಲ ಚಾವಡಿಯ ಕೆಂಪು ನೆಲದ ಮೇಲೆ, ಗೇರು ಎಲೆಯನ್ನೆಲ್ಲ ಅಂಗಳದ ಮುರಕಲ್ಲಿನ ಮೇಲೆ ಇಟ್ಟು ಫೋಟೋ ತೆಗೆದರೆ ಯಂತ್ರ ನೆಲವನ್ನು ಕಲಿಯುತ್ತದೆ. ನೆಲ ನೋಡಿದರೇ ಉತ್ತರ ಸರಿ ಬರುವಾಗ ಅದು ಎಲೆಯನ್ನು ನೋಡುವ ಅಗತ್ಯವೇನು? 2016ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಬೇಕೆಂದೇ ಮಾಡಿ ತೋರಿಸಿದರು. ತೋಳದ ಫೋಟೋಗಳಲ್ಲೆಲ್ಲ ಹಿಮ, ಹಸ್ಕಿ ನಾಯಿಯ ಫೋಟೋಗಳಲ್ಲಿ ಹಿಮ ಇಲ್ಲ. ಹಾಗೆ ಕಲಿತ ಯಂತ್ರ ಹಿಮದಲ್ಲಿ ನಿಂತ ನಾಯಿಯನ್ನು ತೋಳ ಎಂದಿತು. ಆದ್ದರಿಂದ ಎಲ್ಲ ಎಲೆಗಳನ್ನೂ ಎಲ್ಲ ಹಿನ್ನೆಲೆಗಳಲ್ಲೂ ತೆಗೆಯಿರಿ. ಕಲಿಸಿ ಮುಗಿದ ಮೇಲೆ ಎಲೆ ಇಲ್ಲದೆ ಬರೀ ನೆಲ ತೋರಿಸಿ. ಆಗಲೂ ಧೈರ್ಯವಾಗಿ ಮಾವು ಎಂದರೆ ಫೋಟೋಗಳನ್ನು ಮತ್ತೆ ತೆಗೆಯಬೇಕು.

ಹಂತ 10: ಲಕೋಟೆ ಒಡೆಯಿರಿ

ಅಂಟಿಸಿಟ್ಟ 15 ಎಲೆಗಳನ್ನು ಈಗ ಹೊರಗೆ ತೆಗೆಯಿರಿ. ಟೀಚಬಲ್ ಮಷೀನ್ ತಾನೂ ಒಂದಿಷ್ಟು ಫೋಟೋಗಳನ್ನು ಪರೀಕ್ಷೆಗೆಂದು ಪಕ್ಕಕ್ಕಿಡುತ್ತದೆ. ಆದರೆ ಅವು ಕಲಿಸಿದ ಎಲೆಗಳದ್ದೇ ಫೋಟೋಗಳು. ಲಕೋಟೆಯ ಎಲೆಗಳೇ ನಿಜವಾದ ಪರೀಕ್ಷೆ. ನಿಮ್ಮ ಗ್ರಾಫಿಗೂ ಇದೇ ಎಲೆಗಳ ಪರೀಕ್ಷೆ ಕೊಡಿ.

ಉತ್ತರಗಳನ್ನು ಒಂದು ಪಟ್ಟಿಯಲ್ಲಿ ಬರೆಯಿರಿ. ಎಡಗಡೆ ನಿಜವಾದ ಹೆಸರು, ಮೇಲ್ಗಡೆ ಯಂತ್ರ ಹೇಳಿದ ಹೆಸರು. ಮಾವು 5ಕ್ಕೆ 5 ಸರಿ. ಗೇರು 4 ಸರಿ, 1 ಹಲಸು ಎಂದಿತು. ಹಲಸು 3 ಸರಿ, 2 ಗೇರು ಎಂದಿತು. ಹೀಗೆ ಬಂದಿದೆ ಎಂದುಕೊಳ್ಳಿ. 15ರಲ್ಲಿ 12, ಅಂದರೆ 80 ಪರ್ಸೆಂಟ್. ಆ 80ನ್ನು ನೋಡಿ ಖುಷಿಪಟ್ಟು ಬಿಡಬೇಡಿ. ಮೂರು ತಪ್ಪುಗಳೂ ಒಂದೇ ಜೋಡಿಯ ನಡುವೆ ಇವೆ. ತಿದ್ದಬೇಕಾದ ಜಾಗ ಅದು. ಇನ್ನೂ 50 ಮಾವಿನ ಫೋಟೋ ಸೇರಿಸಿದರೆ ಏನೂ ಪ್ರಯೋಜನವಿಲ್ಲ.

ತಪ್ಪಾದ ಆ ಮೂರು ಎಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಮಕ್ಕಳನ್ನು ಕರೆಯಿರಿ. ನೀವು ಇದನ್ನು ಹೇಗೆ ಬೇರೆ ಮಾಡುತ್ತೀರಿ ಎಂದು ಕೇಳಿ. ಗೇರು ಎಲೆಯ ನರ ಎದ್ದು ಕಾಣುತ್ತದೆ ಎನ್ನಬಹುದು. ಹಲಸಿನದು ಮೇಲೆ ಹೊಳಪು, ಕೆಳಗೆ ಒರಟು ಎನ್ನಬಹುದು. ಅವರು ಹೇಳಿದ್ದು ಫೋಟೋದಲ್ಲಿ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಕಲಿಸಲು ಇಟ್ಟ ಗೇರು, ಹಲಸಿನ ಎಲೆಗಳನ್ನೇ ಕಿಟಕಿಯ ಬೆಳಕಿಗೆ ಹಿಡಿದು, ನರ ಕಾಣುವಂತೆ ಹತ್ತಿರದಿಂದ ಫೋಟೋ ತೆಗೆದು ಸೇರಿಸಿ, ಮತ್ತೆ ಕಲಿಸಿ. ಲಕೋಟೆಯ ಎಲೆಗಳ ಫೋಟೋವನ್ನು ಮಾತ್ರ ಕಲಿಸುವ ರಾಶಿಗೆ ಸೇರಿಸಬೇಡಿ. ಅವನ್ನು ನೋಡಿ ತಿದ್ದಿಕೊಂಡಾದ ಮೇಲೆ ಅವೂ ಹಳೆಯ ಪ್ರಶ್ನೆಪತ್ರಿಕೆಯೇ. ಮುಂದಿನ ಪರೀಕ್ಷೆಗೆ ಪಕ್ಕದ ಊರಿನ ಬೇರೆ ಮರಗಳಿಂದ ಹೊಸ 15 ಎಲೆ ತನ್ನಿ.